ಸುಗಲಾಬಾಯಿಯ ಪಂಕ್ತಿಯಲ್ಲಿ ಕಡಜಗಳು

ತಾಂಡೂರಿನ ಸುಗಲಾಬಾಯಿಯವರ ಕುರಿತು ಹೋದ ವರ್ಷ ಸ್ಮರಣ ಸಂಚಿಕೆಯೊಂದರಲ್ಲಿ ಅಚ್ಚಾದ ಬರಹದಲ್ಲಿ, ಅವರ ಹೆಸರನ್ನು ಬಿಟ್ಟರೆ ಸರಿಯಾಗಿರುವುದು ಬಹಳ ಕಡಿಮೆ. ಅವರು ಜೇನು ಸಾಕಿದರೆಂದು ಬರೆದಿದ್ದಾರೆ. ಅವರ ಮನೆಯ ಸೂರಿನಲ್ಲಿದ್ದವು ಕಡಜಗಳು. ತಾಂಡೂರನ್ನು ರಂಗಾರೆಡ್ಡಿ ಜಿಲ್ಲೆಗೆ ಸೇರಿಸಿದ್ದಾರೆ; ೨೦೧೬ರಿಂದ ಅದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಅನಕ್ಷರಸ್ಥೆ ಎಂದಿದ್ದಾರೆ, ಅವರು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು, ತೆಲುಗು ಬೋರ್ಡುಗಳನ್ನು ತಡವರಿಸದೆ ಓದುವವರು, ಉರ್ದುವಿನಲ್ಲಿ ಜಗಳವಾಡಬಲ್ಲವರು. ಅವರ ಭಕ್ತಿಯ ಬಲದಿಂದ ಹುಳುಗಳು ಅವರನ್ನು ಕಚ್ಚುತ್ತಿರಲಿಲ್ಲವಂತೆ. ಕಚ್ಚಿದ್ದನ್ನು ನಾನು ನೋಡಿದ್ದೇನೆ. ಒಮ್ಮೆ ರೆಪ್ಪೆ ಊದಿಕೊಂಡು ಒಂದೇ ಕಣ್ಣಿನಲ್ಲಿ ನೋಡುತ್ತ ರೊಟ್ಟಿ ಬಡಿದರು.

ಇವೆಲ್ಲ ಸಣ್ಣ ತಪ್ಪುಗಳೆಂದು ಬಿಡಬಹುದಿತ್ತು. ಕೊನೆಯ ಸಾಲನ್ನು ಬಿಡಲಾಗುವುದಿಲ್ಲ. ಸಂಶೋಧಕಿಯೊಬ್ಬರ ಅಧ್ಯಯನಕ್ಕೆ ಸುಗಲಾಬಾಯಿ 'ಸಂಪೂರ್ಣ ಸಹಕಾರ' ನೀಡಿದರೆಂದು ಅಲ್ಲಿ ಅಚ್ಚಾಗಿದೆ. ಅವರು ಸಹಕರಿಸಲಿಲ್ಲ. ಏಕೆ ಸಹಕರಿಸಲಿಲ್ಲ ಎಂಬುದೇ ಅವರ ಬದುಕಿನಲ್ಲಿ ಬರೆಯತಕ್ಕ ಸಂಗತಿ. ಸಂಪಾದಕರಿಗೆ ತಿದ್ದುಪಡಿ ಕಳುಹಿಸಿದೆ. ಜಾಗದ ಅಭಾವವೆಂದರು. ತಪ್ಪಿಗೆ ಇದ್ದ ಜಾಗ ತಿದ್ದುಪಡಿಗೆ ಇರಲಿಲ್ಲ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ಸುಗಲಾಬಾಯಿಯವರ ಖಾನಾವಳಿಯ ಎದುರು ಮನೆಯಲ್ಲಿದ್ದೇನೆ, ಹಲವು ವರ್ಷಗಳಿಂದ ಅಲ್ಲಿಯೇ ಉಣ್ಣುತ್ತಿದ್ದೇನೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು. ಉಳಿದದ್ದನ್ನು ಸಂಬಂಧಪಟ್ಟವರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಸುಗಲಾಬಾಯಿ ಹುಟ್ಟಿದ್ದು ನಾರಾಯಣಖೇಡದ ಕಡೆಯ ಒಂದು ಲಿಂಗಾಯತ ಒಕ್ಕಲು ಮನೆಯಲ್ಲಿ. ಮದುವೆಯಾಗಿ ಬಂದದ್ದು ತಾಂಡೂರಿಗೆ. ಗಂಡ ಶಿವಶಂಕರಪ್ಪನವರು ತೊಗರಿ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ಮಗ ಸೂರ್ಯಕಾಂತ ಇನ್ನೂ ಶಾಲೆಯಲ್ಲಿದ್ದಾಗ ಅವರು ಕಾಮಾಲೆಯಿಂದ ತೀರಿಕೊಂಡರು. ಬಾಯಿಯವರು ಮನೆಯ ಮುಂದಿನ ಪಡಸಾಲೆಯನ್ನು ತೆರವು ಮಾಡಿ ಖಾನಾವಳಿ ಹಾಕಿದರು. ಸ್ಟೇಷನ್ನಿಗೆ ಹೋಗುವ ದಾರಿಯಾದ್ದರಿಂದ ಜನಕ್ಕೆ ಕೊರತೆಯಿರಲಿಲ್ಲ: ಹಮಾಲರು, ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರುವವರು, ವಾಡಿಯ ಕಡೆಯ ಗಾಡಿಗೆ ಕಾಯುವವರು, ನನ್ನಂಥ ಸರಕಾರಿ ನೌಕರರು. ಬಿಳಿಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂಡಬೇಕು. ಎಲ್ಲರ ತಾಟಿಗೂ ಅದೇ ಸೌಟು. ಸಾಲಿನ ಕೊನೆಯವನಿಗೆ ಸಾಲದ್ದನ್ನು ಮೊದಲನೆಯವನಿಗೂ ಬಡಿಸುತ್ತಿರಲಿಲ್ಲ. ಪಂಕ್ತಿಭೇದ ಮಾಡಿದ ಮನೆಯ ಅನ್ನ ಅನ್ನವಲ್ಲ ಎಂದು ಅವರ ಅತ್ತೆ ಹೇಳಿದ್ದರಂತೆ. ಹೇಳಿದವರು ಅನೇಕರಿದ್ದಾರೆ, ಇವರು ನಡೆಸಿದರು.

ಅದರ ಬೆಲೆಯನ್ನೂ ಅವರು ತೆತ್ತರು. ಒಮ್ಮೆ ಫರಸಿ ಹೇರುವ ಪೋಚಪ್ಪ ಎಂಬ ದಲಿತ ಕಲ್ಲಿನ ಪುಡಿಯಿಂದ ತಲೆಯವರೆಗೆ ಬೆಳ್ಳಗಾಗಿ ಬಂದು ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಜಾಗವಿದ್ದರೂ ಇಬ್ಬರು ಅಡತಿ ವ್ಯಾಪಾರಿಗಳು ನಿಂತೇ ಇದ್ದರು.

"ಬಾಯಾರ, ನಮಗ ಒಳಗಿನ ಖೋಲ್ಯಾಗ ಹಾಕ್ರಿ" ಎಂದ ಒಬ್ಬ.

"ಒಳಗಿನ ಖೋಲ್ಯಾಗ ಜ್ವಾಳದ ಚೀಲ ಕುಂತಾವರಿ. ಅವುರ ಜೋಡಿ ಉಣ್ತೀರೇನು?" ಎಂದರು ಸುಗಲಾಬಾಯಿ, ಒಲೆಯಿಂದ ಮುಖ ಎತ್ತದೆ.

ವ್ಯಾಪಾರಿಗಳು ಹೋದರು. ಅವರ ಹಿಂದೆ ಮಾರುಕಟ್ಟೆಯ ಕೆಲವು ಮನೆಗಳ ಗಿರಾಕಿಯೂ ನಿಂತಿತು. ಕೆಲವರು ಹಸಿವಾದಾಗ ತಿರುಗಿ ಬಂದರು, ಕೆಲವರು ಇಂದಿಗೂ ಬಂದಿಲ್ಲ. ಪೋಚಪ್ಪ ಅಲ್ಲಿಯೇ ಉಣ್ಣುತ್ತಾನೆ.

ಕಡಜಗಳು ಆ ಮನೆಗೆ ಬಂದದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ತಾಂಡೂರಿನ ಹಳೆಯ ಮನೆಗಳಿಗೆ ಚಾವಣಿಯೂ ಫರಸಿಯದೇ; ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲಿನ ಅಡಿಯಲ್ಲಿ ನೆರಳೂ ತಂಪೂ ಇರುತ್ತವೆ. ಅಲ್ಲಿ ಅವು ಮರದ ನಾರನ್ನು ಅಗಿದು ರದ್ದಿ ಕಾಗದದಂಥ ಬೂದುಬಣ್ಣದ ಗೂಡು ಕಟ್ಟುತ್ತವೆ. ಗೂಡಿಗೆ ಮುಚ್ಚಳವಿಲ್ಲ, ಕಣ್ಣುಕಣ್ಣಾದ ಕೋಣೆಗಳು, ಮೊಟ್ಟೆ, ಮರಿ, ಎಲ್ಲವೂ ಕೆಳಗಿನಿಂದಲೇ ಕಾಣುತ್ತವೆ. ಫರಸಿ ಪಾಲಿಶ್ ಕಾರ್ಖಾನೆಯಲ್ಲಿ ಸೂಪರ್‌ವೈಸರಾಗಿರುವ ಸೂರ್ಯಕಾಂತ ಒಂದು ದಿನ ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆ ಹುಡುಕುತ್ತಿದ್ದ.

"ಗಿರಾಕಿಗಿ ಕಡದ್ರ ಯಾರು ಜವಾಬು, ಅವ್ವಾ?"

"ನೀ ಸಣ್ಣಾವಿದ್ದಾಗ ಓಣಿ ಮಂದಿಗೆಲ್ಲ ಕಡದಿದ್ದಿ. ನಿನಗ ಸುಟ್ಟೆನೇನು?"

ಗೂಡುಗಳು ಉಳಿದವು.

೨೦೨೧ರ ಮಳೆಗಾಲದಲ್ಲಿ ಯಾಮಿನಿ ಬಂದಳು. ಜಹೀರಾಬಾದಿನವಳು. ತಂದೆ ಕ್ರಾಂತಿಕುಮಾರ ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರು, ಬೌದ್ಧರು. ಆಕೆ ಕೀಟಗಳ ಸಾಮಾಜಿಕ ನಡವಳಿಕೆ ಹೇಗೆ ವಿಕಾಸವಾಯಿತೆಂಬ ವಿಷಯದಲ್ಲಿ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದಳು. ಜಹೀರಾಬಾದಿನಲ್ಲಿ ಕೆಲವು, ನಾರಾಯಣಖೇಡದಲ್ಲಿ ಕೆಲವು ಗೂಡುಗಳನ್ನು ಗುರುತಿಸಿಕೊಂಡಿದ್ದಳು. ಮೂರನೆಯ ಸ್ಥಳಕ್ಕಾಗಿ ತಾಂಡೂರಿನ ಓಣಿಗಳಲ್ಲಿ ತಲೆ ಮೇಲೆತ್ತಿಕೊಂಡು ನಡೆಯುತ್ತಿದ್ದಾಗ ಖಾನಾವಳಿಯ ಸೂರು ಕಣ್ಣಿಗೆ ಬಿತ್ತು. ಸುಗಲಾಬಾಯಿ ಆಕೆಯನ್ನು ಮೊದಲು ಸಾಲಿನಲ್ಲಿ ಕೂಡಿಸಿ ಉಣಿಸಿದರು, ಆಮೇಲೆ ಬಂದ ಕೆಲಸ ಕೇಳಿದರು, ಆಮೇಲೆ ಏಣಿ ಕೊಟ್ಟರು.

ಆಕೆಯ ಪ್ರಶ್ನೆಯನ್ನು ಊಟಕ್ಕೆ ಕೂತವರೆಲ್ಲ ಕೇಳಿ ತಿಳಿದುಕೊಂಡರು. ಜೇನಿನಲ್ಲಿ ರಾಣಿ ಬೇರೆ, ಕೆಲಸದವಳು ಬೇರೆ, ಮೈಕಟ್ಟೇ ಬೇರೆ. ಈ ಕಡಜದಲ್ಲಿ ಹಾಗಿಲ್ಲ. ಎಲ್ಲ ಹೆಣ್ಣುಗಳೂ ನೋಡಲು ಒಂದೇ; ಬಹುಪಾಲು ಯಾವಳು ಬೇಕಾದರೂ ಮೊಟ್ಟೆಯಿಡಬಲ್ಲಳು. ಆದರೂ ಒಂದು ಗೂಡಿನಲ್ಲಿ ಒಬ್ಬಳೇ ಮೊಟ್ಟೆಯಿಡುತ್ತಾಳೆ, ಮಿಕ್ಕವರು ಅವಳ ಮಕ್ಕಳಿಗಾಗಿ ದುಡಿಯುತ್ತಾರೆ. ಹೋಗಿ ಸ್ವಂತ ಗೂಡು ಕಟ್ಟಲು ಯಾರ ಅಡ್ಡಿಯೂ ಇಲ್ಲ. ಕೆಲವರು ಹೋಗುತ್ತಾರೆ, ಹೆಚ್ಚಿನವರು ಉಳಿಯುತ್ತಾರೆ. ಹೀಗೆ ತನ್ನ ಸಂತಾನ ಬಿಟ್ಟು ಇನ್ನೊಬ್ಬಳ ಸಂತಾನಕ್ಕೆ ದುಡಿಯುವ ಗುಣ ಜೀವವಿಕಾಸದಲ್ಲಿ ಹೇಗೆ ಉಳಿದು ಬಂತು? ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ?

"ಇದಕ್ಕ ಕಾಲೇಜ್ ಯಾಕ ಬೇಕು?" ಎಂದಳು ಬಾಯಿಯವರ ಜೊತೆ ರೊಟ್ಟಿ ಬಡಿಯುವ ಬಂಡಮ್ಮ. "ನಮ್ಮ ಅತ್ತಿ ಮನಿಗಿ ಬಾ. ಒಂದು ದಿನದಾಗ ತೋರಸ್ತೀನಿ."

"ನಿಮ್ಮ ಅತ್ತಿ ಮನ್ಯಾಗ ಬಣ್ಣದ ಬೊಟ್ಟು ಇಡಾಕ ಬಿಡ್ತಾರೇನಕ್ಕಾ?" ಎಂದಳು ಯಾಮಿನಿ.

ಬೊಟ್ಟಿನ ವಿಷಯ ಇದು: ಒಂದೊಂದು ಕಡಜದ ಬೆನ್ನಿಗೂ ಆಕೆ ಬಣ್ಣದ ಚುಕ್ಕೆ ಇಡುತ್ತಿದ್ದಳು. ಹಳದಿ, ಕೆಂಪು, ಹಸಿರು, ಬಿಳಿ. ಒಂದರ ಪಕ್ಕ ಒಂದು ಇಟ್ಟರೆ ಯಾವ ಎರಡು ಹುಳುವಿಗೂ ಒಂದೇ ಗುರುತಿರುವುದಿಲ್ಲ. ಆಮೇಲೆ ಸೂರಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತು ಯಾವಳು ಹೊರಗೆ ಹೋದಳು, ಯಾವಳು ಏನು ತಂದಳು, ಯಾವಳು ಗೂಡು ಬಿಟ್ಟು ಬೇರೆ ಗೂಡು ಕಟ್ಟಿದಳು ಎಂಬುದನ್ನು ಬರೆದುಕೊಳ್ಳುವುದು. ವಾರದಲ್ಲಿ ಕೆಲವು ದಿನ ತಾಂಡೂರು, ಉಳಿದ ದಿನ ಬಸ್ಸಿನಲ್ಲಿ ಜಹೀರಾಬಾದು, ನಾರಾಯಣಖೇಡ. ಸುಗಲಾಬಾಯಿಯನ್ನು ಆಯಿ ಎಂದು ಕರೆಯತೊಡಗಿದಳು.

ಎರಡನೆಯ ವರ್ಷದ ಹೊತ್ತಿಗೆ ಯಾಮಿನಿಯ ಮುಖದಲ್ಲಿ ಬೇರೆಯೇ ಕಳೆಯಿತ್ತು. ತಾಂಡೂರಿನ ಗೂಡುಗಳು ಉಳಿದೆರಡು ಊರುಗಳ ಗೂಡುಗಳಂತೆ ನಡೆಯುತ್ತಿರಲಿಲ್ಲ. ಇಲ್ಲಿ ಹೆಣ್ಣುಗಳು ಬೇಟೆಗೆ ಹೋಗುವುದು ಕಡಿಮೆ, ಗೂಡಿನ ಮೇಲೆ ಸುಮ್ಮನೆ ಕೂರುವುದು ಹೆಚ್ಚು. ಬಿಟ್ಟುಹೋಗಿ ಸ್ವಂತ ಗೂಡು ಕಟ್ಟುವವರಂತೂ ಎದ್ದು ಕಾಣುವಷ್ಟು ಹೆಚ್ಚು. ಕಲ್ಲಿನ ಚಾವಣಿಯ ತಂಪು ಕಾರಣವಿರಬೇಕೆಂದು ಆಕೆ ಊಹಿಸಿದ್ದಳು. ಆಕೆಯ ಮಾರ್ಗದರ್ಶಕರಿಗೂ ಆ ಊಹೆ ಹಿಡಿಸಿತ್ತು. ಒಂದು ಸಮ್ಮೇಳನದಲ್ಲಿ ಪ್ರಬಂಧ ಓದುವುದೆಂದು ನಿಶ್ಚಯವಾಗಿತ್ತು.

ಒಂದು ಬೆಳಿಗ್ಗೆ ಆಕೆ ಸ್ಟೂಲಿನ ಮೇಲೆ ಕೂತಿದ್ದಳು. ಸುಗಲಾಬಾಯಿ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ನಾನು ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದೆ.

"ನಿನ್ನ ಹಳದಿ-ಕೆಂಪು ಬೊಟ್ಟಿನಾಕಿ ಇವತ್ತು ಉಣ್ಣಾಕ ಬರ್ಲಿಲ್ಲ ನೋಡು" ಎಂದರು ಬಾಯಿ. "ಆರಾಮ ಇಲ್ಲೇನೋ."

"ಎಲ್ಲಿಗಿ ಉಣ್ಣಾಕ, ಆಯಿ?"

"ಹಿತ್ತಲಕ. ಮತ್ತೆಲ್ಲಿಗಿ?"

ಯಾಮಿನಿ ಎದ್ದು ಹಿತ್ತಲಿಗೆ ಹೋದಳು. ಬಚ್ಚಲಿನ ಪಕ್ಕದ ಗೋಡೆಯಲ್ಲಿ ದೀಪವಿಡುವ ಮಾಡದಲ್ಲಿ ಹಿತ್ತಾಳೆಯ ಬಟ್ಟಲು; ಅದರ ತುಂಬ ಬೆಲ್ಲದ ನೀರು; ಹುಳುಗಳು ಮುಳುಗದಿರಲೆಂದು ಅದರಲ್ಲಿ ಜೋಳದ ದಂಟಿನ ಚೂರುಗಳು. ಚೂರುಗಳ ಮೇಲೆ ಆಕೆಯ ಬಣ್ಣ ಹೊತ್ತ ಕಡಜಗಳು ಒತ್ತೊತ್ತಾಗಿ ಕೂತು ಕುಡಿಯುತ್ತಿದ್ದವು.

"ಇದು ಎಂದಿನಿಂದ ಇಡ್ಲತ್ತೀರಿ?"

"ನೀ ಬರೂಕಿಂತ ಮೊದಲಿಂದ. ಬ್ಯಾಸಗಿಯಾಗ ಬಚ್ಚಲ ನೀರಿಗಿ ಬರ್ತಿದ್ದವು, ಪಾಪ. ಸೂರಿನ್ಯಾಗ ಇದ್ದವರು ಬಚ್ಚಲ ನೀರು ಕುಡದ್ರ ನಮಗ ಶೋಭಾನೇನು? ಒಂದು ತುಣುಕು ಬೆಲ್ಲ ಹಾಕಿದೆ." ಯಾಮಿನಿಯ ಮುಖ ನೋಡಿ ಕೇಳಿದರು: "ಯಾಕ, ಬ್ಯಾಡಾಗಿತ್ತೇನು?"

ಯಾಮಿನಿ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಮನೆಬಾಗಿಲಲ್ಲೇ ಊಟ ಸಿಕ್ಕಿದ್ದರಿಂದ ಇವು ಬೇಟೆಗೆ ಹೋಗುತ್ತಿರಲಿಲ್ಲ. ತಾನು ಕಲ್ಲಿನ ತಂಪು ಎಂದುಕೊಂಡದ್ದೆಲ್ಲ ಬೆಲ್ಲವಿರಬಹುದು. ಇರಬಹುದು, ಇಲ್ಲದಿರಬಹುದು, ಈಗ ಯಾವುದನ್ನೂ ಹೇಳುವಂತಿಲ್ಲ. ತಾಂಡೂರಿನ ಎರಡು ವರ್ಷದ ಕೆಲಸದಿಂದ ಏನನ್ನೂ ಸಾಧಿಸಿ ತೋರಿಸುವಂತಿಲ್ಲ.

ಇಲ್ಲೊಂದು ಮಾತು. ಓದದ ಮುದುಕಿ ಓದಿದ ಹುಡುಗಿಯ ಕೆಲಸ ಕೆಡಿಸಿದಳೆಂದು ಓಣಿಯಲ್ಲಿ ಆಡಿಕೊಂಡವರಿದ್ದಾರೆ. ಹುಳುಗಳಿಗೆ ಏನನ್ನೂ ಕೊಡಬೇಡಿರೆಂದು ಯಾರೂ ಬಾಯಿಯವರಿಗೆ ಹೇಳಿರಲಿಲ್ಲ. ಹಿತ್ತಲನ್ನು ನೋಡಬೇಕೆಂದು ಯಾಮಿನಿಗೆ ಹೊಳೆದಿರಲಿಲ್ಲ. ಇದನ್ನು ಯಾಮಿನಿಯೇ ಒಪ್ಪಿಕೊಂಡಿದ್ದಾಳೆ, ಆಡಿಕೊಂಡವರು ಒಪ್ಪಿಕೊಂಡಿಲ್ಲ.

ಮಾರ್ಗದರ್ಶಕರು ಫೋನಿನಲ್ಲಿ ದಾರಿಯೊಂದನ್ನು ಸೂಚಿಸಿದರು. ಆಹಾರ ಸುಲಭವಾಗಿ ಸಿಕ್ಕರೆ ಹೆಣ್ಣುಗಳು ಗೂಡು ಬಿಟ್ಟು ಸ್ವತಂತ್ರವಾಗುತ್ತವೆಯೇ ಎಂಬುದೇ ಒಳ್ಳೆಯ ಪ್ರಶ್ನೆ. ಅದನ್ನೇ ಸರಿಯಾಗಿ ಪರೀಕ್ಷಿಸೋಣ. ಆದರೆ ಊರೂರು ಹೋಲಿಸಿದರೆ ನಡೆಯದು, ಬಿಸಿಲು ಬೇರೆ, ನೆರಳು ಬೇರೆ. ಒಂದೇ ಸೂರಿನ ಕೆಳಗೆ ಅರ್ಧ ಗೂಡುಗಳಿಗೆ ತಿನ್ನಿಸಬೇಕು, ಅರ್ಧಕ್ಕೆ ತಿನ್ನಿಸಬಾರದು. ಬಟ್ಟಲು ತೆಗೆದು, ಆರಿಸಿದ ಗೂಡುಗಳಿಗೆ ಮಾತ್ರ ಕಡ್ಡಿಯ ತುದಿಯಿಂದ ಸಿಹಿ ಮುಟ್ಟಿಸಬೇಕು.

ಯಾಮಿನಿ ಇದನ್ನು ಹುರುಪಿನಿಂದಲೇ ಹೇಳಿದಳು. ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿಯಾಗಿತ್ತು. ಬಂಡಮ್ಮ ತಾಟು ತೊಳೆಯುತ್ತಿದ್ದಳು.

"ಅರ್ಧಕ್ಕ ಹಾಕೂದು, ಅರ್ಧಕ್ಕ ಬಿಡೂದು" ಎಂದರು ಸುಗಲಾಬಾಯಿ. "ಒಂದೇ ಸೂರಿನ್ಯಾಗ."

"ಹೌದು, ಆಯಿ. ಒಂದು ವರ್ಷ ಅಷ್ಟೇ."

"ಬಾಜು ಬಾಜು ಇರ್ತಾವ ಅವು. ಇದು ಉಣ್ಣೂದು ಅದು ನೋಡ್ಲತ್ತಿರ್ತದ."

"ಅವು ಹುಳ, ಆಯಿ."

"ಹುಳಕ್ಕ ಹೊಟ್ಟಿ ಇಲ್ಲೇನು?"

"ಹಂಗಾದ್ರ ಯಾವುದಕ್ಕೂ ಹಾಕಬ್ಯಾಡ್ರಿ."

"ಇಷ್ಟು ದಿನ ಹಾಕಿ ಈಗ ತಾಟು ಕಸಗೊಳ್ಳೂದೇನು?" ಎಂದರು ಬಾಯಿ. "ಆಗಂಗಿಲ್ಲ, ಮಗಳ. ಪಂಗ್ತಿಭೇದ ಈ ಮನ್ಯಾಗ ಆಗಂಗಿಲ್ಲ. ಬ್ಯಾರೆ ಏನರ ಕೇಳು."

ಯಾಮಿನಿಯ ದನಿ ಏರಿತು. "ಪಂಗ್ತಿ ಅಂದ್ರ ಏನಂತ ನನಗ ಹೇಳಬ್ಯಾಡ್ರಿ, ಆಯಿ. ನಮ್ಮ ಮುತ್ಯಾ ಹೋಟೆಲಿನ ಹೊರಗ ನಿಂತು, ಬ್ಯಾರೆ ಇಟ್ಟ ಕಪ್ಪಿನ್ಯಾಗ ಚಾ ಕುಡದು, ಕಪ್ಪು ತಾನೇ ತೊಳದಿಟ್ಟು ಬಂದಾನ."

"ಅದಕ್ಕ ನಿನಗ ಹೇಳ್ಲತ್ತೀನಿ. ನಿಮ್ಮ ಸರ್ ಅವರಿಗಿ ತಿಳೀಲಿಕ್ಕಿಲ್ಲ, ನಿನಗ ತಿಳೀತದ."

ಯಾಮಿನಿ ಚೀಲ ತೆಗೆದುಕೊಂಡು ಸ್ಟೇಷನ್ನಿನ ಕಡೆ ನಡೆದಳು. ಬಂಡಮ್ಮ ತಾಟು ತೊಳೆಯುವುದನ್ನು ನಿಲ್ಲಿಸಿ, "ಹುಡುಗಿ ಜಿಂದಗಿ ಅದ ಅದರಾಗ, ಅಕ್ಕಾ. ಒಂದು ವರ್ಷ ಕಣ್ಣು ಮುಚ್ಚಿಗೊಂಡ್ರ ಏನಾಗ್ತಿತ್ತು?" ಎಂದಳು. ಆ ಸಂಜೆ ಬಾಯಿಯವರು ರೊಟ್ಟಿ ಬಡಿಯಲು ಕೂರಲಿಲ್ಲ, ಬಂಡಮ್ಮನೇ ಬಡಿದಳು.

ಯಾಮಿನಿ ತಿರುಗಿ ಬಂದಾಗ ಅರ್ಧಕ್ಕೆ ಹಾಕಿ ಅರ್ಧಕ್ಕೆ ಬಿಡುವ ಮಾತನ್ನು ಎತ್ತಲಿಲ್ಲ. ಇಲ್ಲಿ ಎಲ್ಲಕ್ಕೂ ಸಿಗಲಿ, ಸಿಗದ ಗೂಡುಗಳನ್ನು ಹೊರಗೆ ಹುಡುಕುತ್ತೇನೆ ಎಂದಳು. ನನ್ನ ಮನೆಗೂ ಅದೇ ಕಲ್ಲಿನ ಚಾವಣಿ, ಅದೇ ಓಣಿಯ ಬಿಸಿಲು. ಸೂರಿನಲ್ಲಿ ಗೂಡುಗಳೂ ಇದ್ದವು. ನಾನು ಒಪ್ಪಿದೆ. ಸುಗಲಾಬಾಯಿ ಯೋಚಿಸಿ, "ಅದು ಸಾಹೇಬರ ಮನಿ. ಅವರ ಪಂಗ್ತಿ ಅವರದು" ಎಂದರು. ಯಾಮಿನಿ ನನ್ನ ಸೂರಿನ ಕಡಜಗಳಿಗೆ ನೀಲಿ ಬೊಟ್ಟಿಟ್ಟಳು. ಒಂದು ವಾರ ಕಳೆಯುವುದರೊಳಗೆ ನೀಲಿ ಬೊಟ್ಟುಗಳು ಓಣಿ ದಾಟಿ ಹಿತ್ತಲಿನ ಬಟ್ಟಲಲ್ಲಿ ಕೂತಿದ್ದವು.

"ಸಾಹೇಬರ ಮನಿಯವು ನನ್ನ ಮನ್ಯಾಗೇ ಉಣ್ತಾವ, ಸಾಹೇಬರಂಗೇ" ಎಂದರು ಬಾಯಿ. "ಬಂದವರಿಗಿ ಇಲ್ಲ ಅನ್ನಾಕ ನನಗ ಬರಂಗಿಲ್ಲ ನೋಡು." ಯಾಮಿನಿಗೆ ಅಂದು ಮೊದಲ ಬಾರಿ ನಗು ಬಂತು. ನನಗೆ ಬರಲಿಲ್ಲ, ಒಂದು ವಾರದ ಕೆಲಸ ವ್ಯರ್ಥವಾಗಿತ್ತು.

ಕೊನೆಗೆ ಆಕೆ ತಾಂಡೂರಿನಾಚೆಯ ಯಾಲಾಲ್ ಮಂಡಲದ ಹಳ್ಳಿಯೊಂದಕ್ಕೆ ಹೋದಳು. ಅಲ್ಲಿಯೂ ಫರಸಿಯ ಚಾವಣಿ, ಅದೇ ಬಿಸಿಲು. ತಾಂಡೂರಿನ ಬಟ್ಟಲವರೆಗೆ ಹಾರಿಬರಲಾಗದಷ್ಟು ದೂರ. ಪ್ರತಿ ಮನೆಯ ಹಿತ್ತಲಿಗೂ ಹೋಗಿ ಪರೀಕ್ಷಿಸಿದಳು. ಹೀಗೆ ಎರಡು ಸ್ಥಳಗಳನ್ನು ಹೋಲಿಸಿದರೆ ಫಲಿತಾಂಶದ ಬಲ ಕಡಿಮೆಯೆಂದು ಮಾರ್ಗದರ್ಶಕರು ಎಚ್ಚರಿಸಿದರು. ಆಕೆ ಅದನ್ನು ತಿಳಿದೇ ಒಪ್ಪಿಕೊಂಡಳು. ಕೆಲಸ ಒಂದು ವರ್ಷ ಮುಂದಕ್ಕೆ ಹೋಯಿತು. ಜೊತೆಯವರು ಪದವಿ ಪಡೆದರು, ಈಕೆ ಯಾಲಾಲ್ ಬಸ್ಸಿನಲ್ಲಿದ್ದಳು.

ಸುಗಲಾಬಾಯಿಯವರ ಕಡೆಯಿಂದ ಆದ ಸಹಾಯ ಒಂದೇ. ಬಟ್ಟಲಿಗೆ ಇಷ್ಟೇ ಬೆಲ್ಲ, ಇಷ್ಟೇ ನೀರು, ದಿನವೂ ಒಂದೇ ಆಗಿರಬೇಕು ಎಂದು ಯಾಮಿನಿ ಕೇಳಿದಳು. ಅದಕ್ಕೆ ಬಾಯಿಯವರ ತಕರಾರಿರಲಿಲ್ಲ. ನಾನು ಇಲಾಖೆಯ ಮುದ್ರೆಯಿದ್ದ ಅಳತೆಯ ಪಾತ್ರೆಯೊಂದನ್ನು ಅಂಗಡಿಯಿಂದ ತಂದುಕೊಟ್ಟೆ. ಬಾಯಿಯವರು ಊರಿಗೆ ಹೋಗುವಾಗ ಅದನ್ನು ಬಂಡಮ್ಮನ ಕೈಗೆ ಕೊಟ್ಟು, ಹೆಚ್ಚಾದರೂ ಕಡಿಮೆಯಾದರೂ ಬಯ್ಯುವುದಾಗಿ ಹೇಳಿ ಹೋಗುತ್ತಿದ್ದರು.

ಫಲಿತಾಂಶ ಇಷ್ಟು: ಬೆಲ್ಲದ ನೀರು ಸಿಕ್ಕ ಗೂಡುಗಳಿಂದ ಹೆಣ್ಣುಗಳು ಹೆಚ್ಚಾಗಿ ಹೊರಬಿದ್ದು ಸ್ವಂತ ಗೂಡು ಕಟ್ಟಿದವು, ಯಾಲಾಲ್ ಕಡೆಯವು ಹೆಚ್ಚಾಗಿ ಉಳಿದು ದುಡಿದವು. ಇದಕ್ಕೆ ಬೆಲ್ಲವೇ ಕಾರಣವೆಂದು ಖಂಡಿತವಾಗಿ ಹೇಳಲು ಬರುವುದಿಲ್ಲ, ಹಾಗೆ ಕಾಣುತ್ತದೆ ಎಂದಷ್ಟೇ ಯಾಮಿನಿ ಬರೆದಳು. ಅಷ್ಟು ಬರೆಯುವುದೇ ಸರಿ. ಒಂದೇ ಸೂರಿನ ಕೆಳಗೆ ಏಕೆ ಹೋಲಿಸಲಿಲ್ಲವೆಂದು ಪರೀಕ್ಷಕರು ಕೇಳಿದರಂತೆ. ಮನೆಯ ಯಜಮಾನತಿ ಒಪ್ಪಲಿಲ್ಲ, ಅವರ ಮನೆಯ ನಿಯಮದಲ್ಲಿ ಸೂರಿನಡಿಯ ಯಾರಿಗೂ ಊಟದಲ್ಲಿ ಭೇದ ಮಾಡುವಂತಿಲ್ಲ ಎಂದು ಆಕೆ ಹೇಳಿದಳು. ಅದನ್ನು ಪ್ರಬಂಧದಲ್ಲಿಯೂ ಬರೆದಿದ್ದಳು. ಪದವಿ ಬಂತು. ಅದೇ ಕೆಲಸ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗುವಾಗ 'ಯಜಮಾನತಿ ಒಪ್ಪಲಿಲ್ಲ' ಎಂಬಷ್ಟನ್ನು ಉಳಿಸಿ, ಕಾರಣ ಅನಗತ್ಯವೆಂದು ಅಲ್ಲಿಯ ಸಂಪಾದಕರು ತೆಗೆಸಿದರು.

ಅಚ್ಚಾದ ಪ್ರತಿಯನ್ನು ಹಿಡಿದು ಯಾಮಿನಿ ಹೋದ ಶ್ರಾವಣದಲ್ಲಿ ತಾಂಡೂರಿಗೆ ಬಂದಳು. ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿದಳು, ತೆಗೆದುಹಾಕಿದ್ದನ್ನೂ ಮುಚ್ಚಿಡದೆ ಹೇಳಿದಳು. ಕಾರಣವಿಲ್ಲದ ವಾಕ್ಯ ಅರ್ಧ ಸುಳ್ಳೆಂದು ನಾನು ಸಿಟ್ಟಾದೆ. ಹಾಗೆ ಅಚ್ಚಾದರೆ ಬಾಯಿಯವರು ಬರೀ ಹಟಕ್ಕೆ ವಿಜ್ಞಾನವನ್ನು ತಡೆದರೆಂದು ಓದಿದವರು ತಿಳಿಯುವುದಿಲ್ಲವೇ?

"ತಿಳಕೊಳ್ಳಲೇಳ್ರಿ" ಎಂದರು ಸುಗಲಾಬಾಯಿ. "ಒಪ್ಪಲಿಲ್ಲ ಅನ್ನೂದು ಖರೇನೇ ಅದಲ್ಲ?"

"ನನಗೂ ಒಂದು ವರ್ಷ ಸಿಟ್ಟಿತ್ತು, ಆಯಿ" ಎಂದಳು ಯಾಮಿನಿ.

"ಗೊತ್ತದ. ಬಂದು ಉಣ್ತಿದ್ದಿ, ಮಾತಾಡ್ತಿರ್ಲಿಲ್ಲ." ಅವರು ಒಲೆಯ ಮೇಲಿನ ರೊಟ್ಟಿ ಮಗುಚಿದರು. "ಈಗ ಸಿಟ್ಟು ಹೋತೇನು?"

"ಅರ್ಧ ಹೋಗ್ಯದ."

"ಸಾಕು. ಪೋಚಪ್ಪ, ಜರಾ ಆ ಕಡಿ ಸರಿ. ಹುಡುಗಿ ಕೂಡ್ಲಿ."